ಖಾಕಿಯ ಮಣ್ಣು ಯಾವ ಊರಿನದು?

ಬಣ್ಣಗಳ ಇಂಗ್ಲಿಷ್ ಹೆಸರಿನ ಬಗ್ಗೆ ಗಡಿಯಾಚೆಯ ಓದುಗರಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕೇಳಿದ್ದು ಖಾಕಿಯ ಬಗ್ಗೆ. ಹಾಗಾಗಿ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ‘ಖಾಕಿ’ ಇಂಗ್ಲಿಷ್ ಶಬ್ದವೋ, ಹಿಂದಿಯೋ? ಖಾಕಿ ಹುಟ್ಟಿದ್ದೇ ನಮ್ಮ ಮಂಗಳೂರಿನಲ್ಲಿ ಎಂದು ಹೇಳುವವರೂ ಇದ್ದಾರೆ. ಇನ್ನೊಂದು ಸಂಶಯ: ಫೋನಿನಲ್ಲಿ ‘ಖಾಕಿ’ ಎಂದು ಹುಡುಕಿ ತರಿಸಿದ ಬಟ್ಟೆ ಬೆಣ್ಣೆಯ ಹಾಗೆ ಹಳದಿಯಾಗಿ ಬಂತು. ಯಾಕೆ?
— ಒಬ್ಬ ದರ್ಜಿ, ಉಪ್ಪಳ

ಉತ್ತರ: ಶಬ್ದದ ಮೂಲ ಪಾರಸಿ. ‘ಖಾಕ್’ ಎಂದರೆ ಮಣ್ಣು, ಧೂಳು. ಅದಕ್ಕೆ ‘ಈ’ ಹತ್ತಿಸಿದರೆ ‘ಖಾಕೀ’, ಧೂಳಿನ ಬಣ್ಣದ್ದು. ಗುಲಾಬ್ ಗುಲಾಬಿಯಾದ, ಬಾದಾಮ್ ಬಾದಾಮಿಯಾದ ವ್ಯಾಕರಣವೇ ಇಲ್ಲಿಯೂ. ಪಾರಸಿಯಿಂದ ಉರ್ದುವಿಗೆ, ಉರ್ದುವಿನಿಂದ ಸಿಪಾಯಿಗಳ ಮಾತಿಗೆ, ಅಲ್ಲಿಂದ ಕಂಪೆನಿ ಸೈನ್ಯದ ಇಂಗ್ಲಿಷ್ ಅಧಿಕಾರಿಗಳ ಬಾಯಿಗೆ ಬಂತು. ನಾವು ‘ಖಾಕಿ’ ಎಂದು ಬರೆಯುತ್ತೇವೆ, ಪಕ್ಕದ ಮಲಯಾಳದಲ್ಲಿ ‘ಕಾಕ್ಕಿ’, ಇಂಗ್ಲೆಂಡಿನವರು ‘ಕಾಕಿ’, ಅಮೆರಿಕದವರು ‘ಕ್ಯಾಕಿ’. ಈಗಿನ ಇಂಗ್ಲಿಷ್ ನಿಘಂಟಿನಲ್ಲಿ ಅದು ಆ ಭಾಷೆಯದೇ ಶಬ್ದ. ಪರವಾನಗಿ ಬೇಕಾಗಿಲ್ಲ.

ಇಂಗ್ಲಿಷಿಗೆ ಅದು ಹೊಕ್ಕ ಕಾಲ ಸಾಕಷ್ಟು ಸ್ಪಷ್ಟವಾಗಿದೆ. 1846ರ ಡಿಸೆಂಬರಿನಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಪೇಶಾವರದಲ್ಲಿ ‘ಕೋರ್ ಆಫ್ ಗೈಡ್ಸ್’ ಎಂಬ ದಳ ಕಟ್ಟಿದ. ಆಗ ಬ್ರಿಟಿಷ್ ಸೈನ್ಯದ್ದು ಕೆಂಪು ಕೋಟು, ಬೇಸಗೆಗೆ ಬಿಳಿ. ಒಣ ಗುಡ್ಡಗಳ ನಡುವೆ ಎರಡೂ ಮೈಲು ದೂರಕ್ಕೆ ಕಾಣುತ್ತವೆ. ಗೈಡ್ಸ್ ದಳದವರು ಅಲ್ಲಿನ ಹತ್ತಿ ಬಟ್ಟೆಗೇ ಮಣ್ಣಿನ ಬಣ್ಣ ಹಾಕಿಸಿ ತೊಟ್ಟರು. ಬಣ್ಣಕ್ಕೆ ಅಲ್ಲಿನ ‘ಮಜ್ರಿ’ ಎಂಬ ಗಿಡ್ಡ ತಾಳೆಯನ್ನು ಬಳಸಿದರೆಂದು ಹೇಳುವುದುಂಟು. 1848ರ ಹೊತ್ತಿಗೆ ದಳದ ಉಡುಪು ಧೂಳಿನ ಬಣ್ಣಕ್ಕೆ ಬಂದಿತ್ತು. ಆದರೂ ಆಗಿನ ಇಂಗ್ಲಿಷ್ ಪತ್ರಗಳಲ್ಲಿ ಆ ಬಣ್ಣಕ್ಕೆ ಹೆಚ್ಚಾಗಿ ಕಾಣುವ ಶಬ್ದ ‘ಡ್ರ್ಯಾಬ್’. ಫ್ರೆಂಚಿನಲ್ಲಿ ಬಟ್ಟೆಗೆ ‘ದ್ರಾ’ ಎನ್ನುತ್ತಾರೆ. ಬಣ್ಣ ಹಾಕದ ಬಟ್ಟೆಯ ಮಂಕು ಕಂದು ಎಂಬ ಅರ್ಥದಲ್ಲಿ ಅದು ಇಂಗ್ಲಿಷಿಗೆ ಹೋದದ್ದು.

‘ಖಾಕಿ’ ಎಲ್ಲರ ಬಾಯಲ್ಲಿ ನಿಂತದ್ದು 1857ರ ದಂಗೆಯ ಸಮಯದಲ್ಲಿ. ಬೇಸಗೆಯ ನಡುವೆ ಹೊರಟ ಗೋರಾ ಪಲ್ಟನ್‌ಗಳು ತಮ್ಮ ಬಿಳಿ ಡ್ರಿಲ್ ಬಟ್ಟೆಯನ್ನು ಸಿಕ್ಕಿದ್ದರಲ್ಲಿ ಅದ್ದಿದವು: ಚಹಾ, ಕಾಫಿ, ತಂಬಾಕಿನ ನೀರು, ಕೆಸರು, ಶಾಯಿ. ಒಂದು ಪಲ್ಟನ್ ಬೂದಿ ಬಣ್ಣ, ಇನ್ನೊಂದು ನೇರಳೆ ಮಿಶ್ರ, ಮತ್ತೊಂದು ಕಂದು. ಹೆಸರು ಎಲ್ಲಕ್ಕೂ ಖಾಕಿ. ಅಂದರೆ ಹುಟ್ಟಿನಲ್ಲೇ ಅದು ಒಂದು ನಿರ್ದಿಷ್ಟ ಬಣ್ಣವಾಗಿರಲಿಲ್ಲ. ‘ಮಣ್ಣಿನಲ್ಲಿ ಎದ್ದು ಕಾಣದ್ದು’ ಎಂಬುದೇ ಅದರ ಲಕ್ಷಣ. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಈಗ ಮಂಗಳೂರಿನ ಮಾತು. 1851ರಲ್ಲಿ ಬಾಸೆಲ್ ಮಿಶನ್ನಿನ ನೇಕಾರ ಹಾಲರ್ ಬಲ್ಮಠದಲ್ಲಿ ನೇಯ್ಗೆ ಕಾರ್ಖಾನೆ ನಡೆಸಿದ್ದು, ಅಲ್ಲಿ ಖಾಕಿ ಬಣ್ಣ ತಯಾರಾದದ್ದು ನಮ್ಮ ಕರಾವಳಿಯಲ್ಲಿ ಎಲ್ಲರೂ ಹೇಳುವ ಸಂಗತಿ. ಬಣ್ಣದ ಮೂಲ ಕೇರು ಮರದ, ಅಂದರೆ ಕರಿಗೇರಿನ ತೊಗಟೆ ಎನ್ನುತ್ತಾರೆ. (ಗೋಡಂಬಿಯ ಗೇರು ಬೇರೆ. ಇದು ಅಗಸರು ಬಟ್ಟೆಗೆ ಗುರುತು ಹಾಕಲು ಸುಣ್ಣದ ಜೊತೆ ಬಳಸುತ್ತಿದ್ದ ಬೀಜದ ಮರ. ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ, ಪ್ರಯೋಗಕ್ಕೆ ಹೋಗಬೇಡಿ.) ಆದರೆ ಎರಡು ಸಂಗತಿಗಳನ್ನು ಕಲಸಬಾರದು. ಪೇಶಾವರದವರು ಧೂಳು ಬಣ್ಣ ತೊಟ್ಟದ್ದು ಹಾಲರ್ ಇಲ್ಲಿಗೆ ಬರುವ ಮೊದಲೇ. ಆದ್ದರಿಂದ ಖಾಕಿಯ ಹೆಸರೂ ಸೈನ್ಯದ ಉಡುಪಿನ ಯೋಚನೆಯೂ ಮಂಗಳೂರಿನದಲ್ಲ. ತೊಳೆದರೂ ನಿಲ್ಲುವ ಬಣ್ಣದ ಒಂದು ಪಾಕ ಮಂಗಳೂರಿನಿಂದ ಬಂತು ಎನ್ನುವುದಾದರೆ ಅಡ್ಡಿಯಿಲ್ಲ. ಊರಿನ ಅಭಿಮಾನಕ್ಕೆ ಅಷ್ಟು ಸಾಕು.

ನಿಲ್ಲುವ ಬಣ್ಣ ಆಗ ದೊಡ್ಡ ತಲೆನೋವೇ ಆಗಿತ್ತು. ಚಹಾ, ಕೆಸರು ಎರಡು ಒಗೆತಕ್ಕೆ ಹೋಗುತ್ತವೆ. 1884ರಲ್ಲಿ ಇಂಗ್ಲೆಂಡಿನ ಲಂಕಾಷೈರಿನ ಆಕ್ರಿಂಗ್‌ಟನ್ನಿನಲ್ಲಿದ್ದ ಫ್ರೆಡರಿಕ್ ಗ್ಯಾಟಿ ಎಂಬವರು ಬಿಡದ ಖಾಕಿಗೆ ಪೇಟೆಂಟ್ ಪಡೆದರು. ‘ಮಿನರಲ್ ಖಾಕಿ’ ಎಂದು ಹೆಸರಾದ ಇಂಥ ಬಣ್ಣದಲ್ಲಿ ಸಸ್ಯದ ರಸವೇ ಇಲ್ಲ. ಹತ್ತಿ ಬಟ್ಟೆಗೆ ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳ ದ್ರಾವಣ ಕುಡಿಸಿ, ಒಣಗಿಸಿ, ಬಿಸಿ ಸೋಡಾ ಮತ್ತು ಕಾಸ್ಟಿಕ್ ನೀರಿನಲ್ಲಿ ಹಾಯಿಸುತ್ತಾರೆ. ಕಬ್ಬಿಣ ತುಕ್ಕಿನ ಕೆಂಪು ಹಳದಿಯಾಗಿ, ಕ್ರೋಮಿಯಂ ಮಂಕು ಹಸಿರಾಗಿ ನೂಲಿನೊಳಗೇ ಕೂರುತ್ತವೆ. ಎರಡರ ಪ್ರಮಾಣ ಹೆಚ್ಚು ಕಡಿಮೆ ಮಾಡಿದರೆ ಬೇಕಾದ ಶೇಡ್. ಬಿಸಿಲಿಗೂ ಸಾಬೂನಿಗೂ ಅದು ಜಗ್ಗುವುದಿಲ್ಲ. ದೋಷ ಎರಡು: ನೂಲಿನಲ್ಲಿ ಕೂತ ಆಕ್ಸೈಡಿನ ಕಣ ಗಡುಸಾದ್ದರಿಂದ ಹೊಲಿಗೆಯ ಸೂಜಿ ಬೇಗ ಮೊಂಡಾಗುತ್ತದೆ, ತುಕ್ಕಿನ ಕಲೆ ತೆಗೆಯುವ ಆಕ್ಸಾಲಿಕ್ ಆಮ್ಲ ಬಿದ್ದರೆ ಆ ಜಾಗ ಬಣ್ಣ ಬಿಡುತ್ತದೆ, ಬಣ್ಣವೇ ತುಕ್ಕಾದ ಮೇಲೆ ಇನ್ನೇನು!

1899ರಿಂದ 1902ರ ವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದ ಹೊತ್ತಿಗೆ ಖಾಕಿ ಬ್ರಿಟಿಷ್ ಸೈನ್ಯದ ಗುರುತೇ ಆಗಿಬಿಟ್ಟಿತ್ತು. 1900ರಲ್ಲಿ ಯುದ್ಧದ ಕಾವಿನಲ್ಲಿ ಬ್ರಿಟನ್ನಿನಲ್ಲಿ ನಡೆದ ಚುನಾವಣೆಗೆ ‘ಖಾಕಿ ಚುನಾವಣೆ’ ಎಂದೇ ಹೆಸರು. 1902ರಲ್ಲಿ ಇಂಗ್ಲೆಂಡಿನೊಳಗಿನ ಸೈನಿಕರಿಗೂ ಅದೇ ಬಣ್ಣದ ಉಡುಪು ಬಂತು. ಆದರೆ ತಂಪು ದೇಶದ ಆ ಉಣ್ಣೆಯ ಖಾಕಿ ನಮ್ಮ ಹತ್ತಿಯ ಖಾಕಿಗಿಂತ ಹಸಿರು, ಗಾಢ. ಅಮೆರಿಕದಲ್ಲಿ ‘ಖಾಕಿಸ್’ ಎಂದರೆ ಬಣ್ಣಕ್ಕಿಂತ ಹೆಚ್ಚಾಗಿ ಪ್ಯಾಂಟಿನ ಹೆಸರು. ಅದು ತೆಳು ಮರಳು ಬಣ್ಣದ್ದು.

ನಿಮ್ಮ ಬೆಣ್ಣೆ ಹಳದಿ ಬಂದದ್ದು ಬಹುಶಃ ಕಂಪ್ಯೂಟರಿನ ಖಾಕಿಯಿಂದ. ವೆಬ್ ಪುಟಗಳ ಬಣ್ಣದ ಪಟ್ಟಿಯಲ್ಲಿ ‘ಖಾಕಿ’ ಎಂಬ ಹೆಸರಿಗೆ ಕೊಟ್ಟಿರುವ ಅಳತೆ ಕೆಂಪು 240, ಹಸಿರು 230, ನೀಲಿ 140. ಅದು ಅಪ್ಪಟ ತೆಳು ಹಳದಿ. ‘ಡಾರ್ಕ್ ಖಾಕಿ’ಗೆ 189, 183, 107, ಅದು ಹಸಿರು ಮಿಶ್ರ ಹಳದಿ. ಮುದ್ರಿತ ಬಣ್ಣ ಪಟ್ಟಿಗಳ ಹಳೆಯ ಖಾಕಿ ಸುಮಾರು 195, 176, 145. ನಮ್ಮ ಆಟೋ ಚಾಲಕರ ಅಂಗಿ ಇದರಲ್ಲಿ ಯಾವುದಕ್ಕೂ ಸರಿ ಕೂರುವುದಿಲ್ಲ. ಹೆಸರು ನೋಡಿ ಖಾಕಿ ತರಿಸಬಾರದು. ಹಳೆಯ ಅಂಗಿಯ ಒಳಮಡಿಕೆಯಿಂದ, ಅಂದರೆ ಬಿಸಿಲು ಕಾಣದ ಜಾಗದಿಂದ, ಎರಡು ಇಂಚು ತುಂಡು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಜಗಲಿಯ ನೆರಳಿನಲ್ಲಿ ಪಕ್ಕಕ್ಕಿಟ್ಟು ನೋಡಿ, ಆಮೇಲೆ ಅಂಗಡಿಯ ಟ್ಯೂಬ್‌ಲೈಟಿನಡಿಯೂ ನೋಡಿ. ಒಂದರಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದಿದ್ದರೆ ಎರಡರ ಬಣ್ಣದ ಮಿಶ್ರಣ ಬೇರೆ ಎಂದರ್ಥ. ಒಬ್ಬರ ಅಂಗಿ, ಪ್ಯಾಂಟು ಎರಡಕ್ಕೂ ಒಂದೇ ಥಾನಿನ ಬಟ್ಟೆ ಕತ್ತರಿಸಿ. ಒಂದೇ ನಂಬರಿನ ಶೇಡ್ ಆದರೂ ಬೇರೆ ಲಾಟಿನಲ್ಲಿ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ಪ್ರಶ್ನೆ: ಖಾಕಿ ಅಂಗಿ ಕೆಲವು ತಿಂಗಳಲ್ಲೇ ಮಾಸುತ್ತದೆ. ಒಂದು ಕೆಂಪಾಗುತ್ತದೆ, ಇನ್ನೊಂದು ಹಸಿರಾಗುತ್ತದೆ. ಕಾರಣ ಏನು?
— ಆಟೋ ಚಾಲಕ, ಮುಳ್ಳೇರಿಯ

ಉತ್ತರ: ಈಗಿನ ಖಾಕಿ ಒಂದೇ ಬಣ್ಣದಿಂದ ಆದದ್ದು ಕಡಿಮೆ. ಹಳದಿ, ಕಂದು, ಆಲಿವ್ ಹಸಿರು ಅಥವಾ ಕಪ್ಪು, ಹೀಗೆ ಎರಡು ಮೂರು ಬಣ್ಣ ಸೇರಿಸಿ ಶೇಡ್ ಹೊಂದಿಸಿರುತ್ತಾರೆ. ಅವುಗಳಲ್ಲಿ ದುರ್ಬಲವಾದದ್ದು ಮೊದಲು ಹೋಗುತ್ತದೆ, ಉಳಿದದ್ದು ಕಾಣುತ್ತದೆ. ಹಸಿರು ಹೋದರೆ ಅಂಗಿ ಕೆಂಪು, ಕಂದು ಹೋದರೆ ಹಸಿರು. ಟೆರಿಕಾಟಿನಲ್ಲಿ ಪಾಲಿಯೆಸ್ಟರ್ ನೂಲಿಗೆ ಒಂದು ಜಾತಿಯ ಬಣ್ಣ, ಹತ್ತಿಗೆ ಇನ್ನೊಂದು ಜಾತಿಯದು; ಹತ್ತಿಯ ಬಣ್ಣ ಬಿಟ್ಟು ಪಾಲಿಯೆಸ್ಟರಿನದು ಹಾಗೇ ನಿಂತಾಗ ಅಂಗಿ ಬಿಳಿ ಧೂಳು ಉದುರಿಸಿದಂತೆ ಕಾಣುತ್ತದೆ.

ಹತ್ತಿಗೆ ಗಟ್ಟಿ ಬಣ್ಣವೆಂದರೆ ವ್ಯಾಟ್ ಬಣ್ಣ. ಕಾಸರಗೋಡು ಸೀರೆಯ ನೂಲಿಗೆ ಹಾಕುವುದೂ ಇದೇ ಜಾತಿಯದು. ಅದರಲ್ಲಿ ‘ಖಾಕಿ 2ಜಿ’ ಎಂಬ ಹೆಸರಿನ ಬಣ್ಣವೇ ಇದೆ. ಅಗ್ಗದ ಬಟ್ಟೆಗೆ ಸಲ್ಫರ್ ಬಣ್ಣ ಹಾಕುತ್ತಾರೆ. ಸಾಬೂನಿಗೆ ತಡೆಯುತ್ತದೆ, ಬ್ಲೀಚಿಗೆ ತಡೆಯುವುದಿಲ್ಲ. ಕೊಳ್ಳುವ ಮೊದಲು ಪರೀಕ್ಷೆ ಸುಲಭ: ಒಂದು ತುಂಡಿನ ಮೇಲೆ ಮನೆಯ ದ್ರವ ಬ್ಲೀಚನ್ನು ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ಬೆರೆಸಿ ಒಂದು ಹನಿ ಹಾಕಿ, ಐದು ನಿಮಿಷ ಬಿಟ್ಟು ತೊಳೆಯಿರಿ. ವ್ಯಾಟ್ ಬಣ್ಣವಾದರೆ ಬಹುಪಾಲು ಹಾಗೇ ಇರುತ್ತದೆ. ಬೆಳ್ಳಗೆ ಕಲೆ ಬಿದ್ದರೆ ಆ ಬಟ್ಟೆ ಬಿಟ್ಟುಬಿಡಿ. ಇನ್ನೊಂದು, ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ನೋಡುವುದು. ಬಿಳಿ ಬಟ್ಟೆಗೆ ಹತ್ತಿದ್ದು ಮುಂದೆ ನಿಮ್ಮ ಬನಿಯನಿಗೂ ಹತ್ತುತ್ತದೆ.

ಒಗೆಯುವಾಗ ಒಳಮಗ್ಗುಲು ಹೊರಗೆ ಮಾಡಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿಯನ್ನೂ ಒಳಗಿನಿಂದಲೇ ಹಾಕಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ಆ ನೀರಿನಲ್ಲಿ ಖಾಕಿ ನೆನೆಹಾಕಬೇಡಿ. ಬೆವರಿನ ಅಂಗಿಯನ್ನು ಸೀಟಿನಡಿ ಉಂಡೆ ಮಾಡಿಟ್ಟರೆ ಕಂಕುಳ ಜಾಗ ಮೊದಲು ಮಾಸುತ್ತದೆ. ಸಂಜೆಯೇ ಬರಿ ನೀರಿನಲ್ಲಿ ಜಾಲಿಸಿದರೂ ಸಾಕು.

ಪ್ರಶ್ನೆ: ನಮ್ಮಲ್ಲಿ ದಾಳಿಂಬೆ ಸಿಪ್ಪೆ ಬೇಕಾದಷ್ಟು. ಅದರಿಂದ ಖಾಕಿ ಬಣ್ಣ ಬರುತ್ತದೆಯೆಂದು ಕೇಳಿದ್ದೇವೆ. ಮನೆಯಲ್ಲಿ ಮಾಡುವುದು ಹೇಗೆ?
— ಮಹಿಳಾ ಸಂಘದವರು, ಅಕ್ಕಲಕೋಟೆ ತಾಲೂಕು, ಸೋಲಾಪುರ ಜಿಲ್ಲೆ

ಉತ್ತರ: ಬರುತ್ತದೆ. ಸಿಪ್ಪೆಯ ಒಗರಿಗೆ ಪಟಿಕ ಸೇರಿದರೆ ಸಾಸಿವೆ ಹಳದಿ, ಅದರ ಮೇಲೆ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ಬಿದ್ದರೆ ಖಾಕಿ. ಕೆಳಗಿನ ಲೆಕ್ಕ 250 ಗ್ರಾಂ ಹತ್ತಿ ಬಟ್ಟೆಗೆ, ಅಂದರೆ ಸುಮಾರು ಒಂದು ಜುಬ್ಬಾಕ್ಕೆ.

ಹೊಸ ಬಟ್ಟೆಯ ಗಂಜಿ, ಮೇಣ ಹೋಗದೆ ಬಣ್ಣ ಹಿಡಿಯುವುದಿಲ್ಲ. 5 ಲೀಟರ್ ನೀರಿಗೆ ಎರಡು ಟೀ ಚಮಚ ಬಟ್ಟೆ ಸೋಡಾ ಹಾಕಿ ಒಂದು ಗಂಟೆ ಕುದಿಸಿ. ನೀರು ಹಳದಿ ಕಂದಾಗುತ್ತದೆ. ಚೆಲ್ಲಿ, ಜಾಲಿಸಿ. ಈ ಕೆಲಸ ಬಿಟ್ಟವರೇ ಆಮೇಲೆ ‘ಮಚ್ಚೆ ಮಚ್ಚೆ ಬಂತು’ ಎಂದು ಬರೆಯುವುದು.

125 ಗ್ರಾಂ ಒಣ ಸಿಪ್ಪೆ ಪುಡಿ ಮಾಡಿ 3 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಗಂಟೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಸ್ಟೀಲ್ ಪಾತ್ರೆಯೇ ಆಗಬೇಕು. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಮೊದಲ ಹೆಜ್ಜೆಗೇ ಕಪ್ಪಾಗುತ್ತದೆ. ಸೋಸಿದ ರಸಕ್ಕೆ ಬಟ್ಟೆ ಮುಳುಗುವಷ್ಟು ನೀರು ಸೇರಿಸಿ, ಒದ್ದೆ ಬಟ್ಟೆ ಹಾಕಿ, ಕುದಿ ಬರದ ಬಿಸಿಯಲ್ಲಿ ಒಂದು ಗಂಟೆ ಇಟ್ಟು ಆಗಾಗ ತಿರುಗಿಸಿ. ಹಾಗೆಯೇ ಆರಲು ಬಿಡಿ. ಹಿಂಡಿ ತೆಗೆದು, 30 ಗ್ರಾಂ ಪಟಿಕ ಕರಗಿಸಿದ ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ಇಡಿ. ಹತ್ತಿಗೆ ಮೊದಲು ಒಗರು, ಆಮೇಲೆ ಪಟಿಕ. ಈ ಕ್ರಮ ಹಿಂದುಮುಂದಾದರೆ ಪಟಿಕ ನೂಲಿನಲ್ಲಿ ನಿಲ್ಲದೆ ತೊಳೆದು ಹೋಗುತ್ತದೆ. ಪಟಿಕದಿಂದ ತೆಗೆದ ಬಟ್ಟೆಯನ್ನು ಮತ್ತೆ ಸಿಪ್ಪೆಯ ರಸಕ್ಕೆ ಹಾಕಿ ಅರ್ಧ ಗಂಟೆ ಬಿಸಿ ಮಾಡಿ. ಈಗ ಹಳದಿ ಗಟ್ಟಿಯಾಗಿರುತ್ತದೆ.

ಕೊನೆಗೆ ಅನ್ನಭೇದಿ. ಬೇರೆ ಬಕೆಟಿನಲ್ಲಿ 5 ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಗ್ರಾಂ, ಪೂರ್ತಿ ಕರಗಬೇಕು. ಹರಳು ತಿಳಿ ಹಸಿರಾಗಿರಲಿ. ಕಂದು ಪುಡಿಯಾದದ್ದು ಹಳತು, ತುಕ್ಕಿನ ಚುಕ್ಕೆ ಬಿಡುತ್ತದೆ. ಬಟ್ಟೆಯನ್ನು ಬಿಡಿಸಿ ಅದ್ದಿ ಕೈ ನಿಲ್ಲಿಸದೆ ಆಡಿಸುತ್ತಿರಿ. ಹಳದಿ ಕಣ್ಣೆದುರೇ ಮಂಕಾಗಿ, ಹಸಿರು ತಿರುಗಿ, ಒಂದೆರಡು ನಿಮಿಷದಲ್ಲಿ ಖಾಕಿಗೆ ಬರುತ್ತದೆ. ಒದ್ದೆ ಬಟ್ಟೆ ಒಣಗಿದ್ದಕ್ಕಿಂತ ಗಾಢವಾಗಿ ಕಾಣುವುದರಿಂದ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಾದಾಗ ತೆಗೆಯಿರಿ. ಐದು ನಿಮಿಷ ದಾಟಿದರೆ ಬೂದಿ ಬಣ್ಣ. ಹಿಂದೆ ತರುವುದು ಕಷ್ಟ. ಚೆನ್ನಾಗಿ ಜಾಲಿಸಿ, ನೆರಳಲ್ಲಿ ಒಣಗಿಸಿ, ಎರಡು ದಿನ ಬಿಟ್ಟು ಮೆದು ಸಾಬೂನಿನಲ್ಲಿ ಒಗೆಯಿರಿ.

‘ಇನ್ನಷ್ಟು ಗಾಢ ಬರಲಿ’ ಎಂದು ಅನ್ನಭೇದಿ ಹೆಚ್ಚಿಸಬೇಡಿ. ಕಬ್ಬಿಣ ಹೆಚ್ಚಾದ ಹತ್ತಿ ಕೆಲವು ಕಾಲದಲ್ಲಿ ಪಿಸಿಯುತ್ತದೆ. ಗಾಢ ಬೇಕಾದರೆ ಸಿಪ್ಪೆ ಹೆಚ್ಚಿಸಿ. ಹೊಲಿದ ಬಟ್ಟೆಗೆ ಬಣ್ಣ ಹಾಕುವುದಾದರೆ ದಾರವೂ ಹತ್ತಿಯದೇ ಇರಲಿ, ಪಾಲಿಯೆಸ್ಟರ್ ದಾರ ಬೆಳ್ಳಗೆ ಉಳಿಯುತ್ತದೆ. ನಿಂಬೆ, ಹುಣಸೆ ನೀರು ಸಿಡಿದರೆ ಕಲೆ ಖಂಡಿತ. ಕೈಗವಸು ಹಾಕಿ, ಬಳಸಿದ ಪಾತ್ರೆಯನ್ನು ಅಡುಗೆಗೆ ತರಬೇಡಿ, ಅನ್ನಭೇದಿ ಮಕ್ಕಳ ಹೊಟ್ಟೆಗೆ ಹೋದರೆ ವಿಷ.

ಇದನ್ನು ಓದಿ ಕಾಸರಗೋಡಿನ ಕಡೆಯವರು ಮಾಡುವುದಾದರೆ ಮೊದಲು ನೀರು ನೋಡಿ. ಮುರಕಲ್ಲಿನ ಬಾವಿಯಲ್ಲಿ ಕಬ್ಬಿಣದ ಅಂಶವಿದ್ದರೆ ಹಳದಿ ಬರುವ ಮೊದಲೇ ಮಂಕಾಗುತ್ತದೆ. ಒಂದು ಲೋಟ ಬಾವಿ ನೀರಿಗೆ ಎರಡು ಚಮಚ ಗಟ್ಟಿ ಕಪ್ಪು ಚಹಾ ಹಾಕಿ ಕಾಲು ಗಂಟೆ ಬಿಡಿ. ಬಣ್ಣ ಕಪ್ಪಿಗೆ ತಿರುಗಿದರೆ ಆ ನೀರು ಬೇಡ, ಹಿಡಿದಿಟ್ಟ ಮಳೆ ನೀರು ಒಳ್ಳೆಯದು.

ಪ್ರಶ್ನೆ: ‘ಕ್ರಿಮ್ಸನ್’ ಎಂಬ ಕೆಂಪು ಬಣ್ಣದ ಹೆಸರು ನಮ್ಮ ‘ಕೃಮಿ’ಯಿಂದ ಬಂದದ್ದು ಎಂದು ವಾಟ್ಸಾಪಿನಲ್ಲಿ ಬಂತು. ನಂಬಬಹುದೇ?
— ನಿವೃತ್ತ ಅಧ್ಯಾಪಕ, ಬದಿಯಡ್ಕ

ಉತ್ತರ: ವಾಟ್ಸಾಪು ಈ ಸಲ ಬಹುತೇಕ ಸರಿ. ಅರಬ್ಬಿಯ ‘ಕಿರ್ಮಿಜ್’ ಸ್ಪೇನಿನ ದಾರಿಯಾಗಿ ಯುರೋಪಿಗೆ ಹೋಗಿ ‘ಕ್ರಿಮ್ಸನ್’ ಆಯಿತು, ‘ಕಾರ್ಮೈನ್’ ಕೂಡ ಅದರ ಬಳಗವೇ. ಅರಬ್ಬಿಯ ಹಿಂದೆ ಪಾರಸಿಯ ‘ಕಿರ್ಮ್’, ಸಂಸ್ಕೃತದ ‘ಕೃಮಿ’ ಇವೆ. ಹುಳದಿಂದ ಹುಟ್ಟಿದ್ದು ಎಂಬ ಅರ್ಥದ ‘ಕೃಮಿಜ’ವನ್ನು ನಿಘಂಟುಗಳು ಹೇಳುತ್ತವೆ. ಆದರೆ ಬಣ್ಣ ಬಂದದ್ದು ಇಲ್ಲಿನ ಹುಳದಿಂದಲ್ಲ. ಮೆಡಿಟರೇನಿಯನ್ ಕಡೆಯ ಓಕ್ ಗಿಡಕ್ಕೆ ಅಂಟಿಕೊಂಡಿರುವ ಕೆರ್ಮಿಸ್ ಎಂಬ ಚಿಕ್ಕ ಕೀಟವನ್ನು ಒಣಗಿಸಿ ಅರೆದು ತೆಗೆಯುತ್ತಿದ್ದರು. ಆಮೇಲೆ ಮೆಕ್ಸಿಕೋದಿಂದ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೋಚಿನೀಲ್ ಕೀಟ ಬಂದು ಕೆರ್ಮಿಸನ್ನು ಮೂಲೆಗೆ ತಳ್ಳಿತು. ಗಲ್ಫಿನಿಂದ ಬರುವ ಮಿಠಾಯಿ ಪೊಟ್ಟಣದ ಮೇಲೆ ‘ಇ 120’ ಎಂದಿದ್ದರೆ ಅದು ಆ ಕೋಚಿನೀಲಿನ ಕೆಂಪು. ಶುದ್ಧ ಸಸ್ಯಾಹಾರಿಗಳು ಗಮನಿಸಬೇಕು.

ನಮ್ಮ ಕೀಟದ ಕೆಂಪು ಅರಗಿನದು. ಸಂಸ್ಕೃತದ ‘ಲಾಕ್ಷಾ’ ಇಂಗ್ಲಿಷಿನಲ್ಲಿ ‘ಲ್ಯಾಕ್’ ಆಯಿತು, ಚಿತ್ರಕಾರರ ಬಣ್ಣದಲ್ಲಿ ‘ಲೇಕ್’ ಆಯಿತು. ‘ಕ್ರಿಮ್ಸನ್ ಲೇಕ್’ ಎಂಬ ಬಣ್ಣದ ಟ್ಯೂಬು ನೋಡಿದವರು ಯಾವುದೋ ಕೆಂಪು ಕೆರೆಯನ್ನು ಊಹಿಸಿಕೊಳ್ಳಬೇಡಿ.

ಪ್ರಶ್ನೆ: ‘ನಾರಂಗ’ದಿಂದ ‘ಆರೆಂಜ್’ ಆಗುವಾಗ ನಕಾರ ಎಲ್ಲಿ ಹೋಯಿತು?
— ವಿದ್ಯಾರ್ಥಿನಿ, ತಾಳವಾಡಿ, ಈರೋಡು ಜಿಲ್ಲೆ

ಉತ್ತರ: ‘ಎ ನಾರೆಂಜ್’ ಎಂಬುದನ್ನು ಇಂಗ್ಲಿಷರು ‘ಆ್ಯನ್ ಆರೆಂಜ್’ ಎಂದು ಒಡೆದರು ಎಂಬ ವಿವರಣೆ ಶಾಲೆಗಳಲ್ಲಿ ಚಾಲ್ತಿಯಲ್ಲಿದೆ. ಒಡೆದದ್ದು ನಿಜ, ಆದರೆ ಇಂಗ್ಲೆಂಡಿಗೆ ಮುಟ್ಟುವ ಮೊದಲೇ, ಫ್ರೆಂಚ್ ಮತ್ತು ಇಟಾಲಿಯನ್ನಿನಲ್ಲಿ. ಸ್ಪೇನಿನವರ ‘ನರಾಂಹ’ದಲ್ಲಿ ನಕಾರ ಇವತ್ತಿಗೂ ಇದೆ. ಮೊದಲು ಬಂದದ್ದು ಹಣ್ಣಿನ ಹೆಸರು. ಬಣ್ಣಕ್ಕೆ ಅದನ್ನು ಬಳಸಿದ್ದು 16ನೇ ಶತಮಾನದ ಆರಂಭದಿಂದ. ಅಲ್ಲಿಯವರೆಗೆ ಕಿತ್ತಳೆ ಬಣ್ಣದ್ದನ್ನೂ ಅವರು ಕೆಂಪು ಎನ್ನುತ್ತಿದ್ದರು. ರಾಬಿನ್ ಹಕ್ಕಿಯ ಕಿತ್ತಳೆ ಎದೆ ಇಂಗ್ಲಿಷಿನಲ್ಲಿ ಇನ್ನೂ ‘ಕೆಂಪೆದೆ’ಯೇ.

ಪ್ರಶ್ನೆ: ವೀಳ್ಯದ ‘ಕಾಚು’ ಇಂಗ್ಲಿಷಿನಲ್ಲಿ ಬಣ್ಣದ ಹೆಸರಾಗಿದೆಯೇ?
— ಅಡಿಕೆ ಬೆಳೆಗಾರ, ಎಣ್ಮಕಜೆ

ಉತ್ತರ: ಆಗಿದೆ. ‘ಕಚ್’ ಎಂಬ ಕೆಂಗಂದು ಬಣ್ಣ ಅದೇ. ಇಂಗ್ಲಿಷಿಗೆ ಮಲಯ ಭಾಷೆಯ ‘ಕಾಚು’ವಿನಿಂದ ಹೋಯಿತು, ಅದರ ಹಿಂದಿನ ಮೂಲ ದ್ರಾವಿಡ ಇರಬೇಕೆಂದು ನಿಘಂಟುಕಾರರು ನಮ್ಮ ಶಬ್ದದತ್ತಲೇ ಬೊಟ್ಟು ಮಾಡುತ್ತಾರೆ. ಖೈರದ ಮರದ ತಿರುಳನ್ನು ಚೂರು ಮಾಡಿ ಕುದಿಸಿ ಗಟ್ಟಿ ಮಾಡಿದ್ದು ಕಾಚು. ಹಾಯಿ, ಮೀನಿನ ಬಲೆಗಳು ಕೊಳೆಯದಂತೆ ಯುರೋಪಿನ ಕಡಲ ಊರುಗಳಲ್ಲಿ ಇದರ ಕಷಾಯದಲ್ಲಿ ಅದ್ದುತ್ತಿದ್ದರು. ನಿಮ್ಮ ಅಡಿಕೆಯ ಚೊಗರಿನಲ್ಲಿಯೂ (ಅಡಿಕೆ ಬೇಯಿಸಿ ಉಳಿದ ರಸ) ಅದೇ ಜಾತಿಯ ಒಗರು ಇದೆ, ಹತ್ತಿಗೆ ಕಂದು ಬಣ್ಣ ಹಿಡಿಯುತ್ತದೆ. ಮೇಲಿನ ಲೆಕ್ಕದಲ್ಲಿ ಸಿಪ್ಪೆಯ ರಸದ ಜಾಗಕ್ಕೆ ಚೊಗರು ಹಾಕಿ ನೋಡಬಹುದು. ಅನ್ನಭೇದಿ ಮಾತ್ರ ಅರ್ಧಕ್ಕೆ ಇಳಿಸಿ.

ಪ್ರಶ್ನೆ: ಪ್ರಿಂಟರಿನ ‘ಮೆಜೆಂಟಾ’ ಯಾವ ಹೂವಿನ ಹೆಸರು?
— ಜೆರಾಕ್ಸ್ ಅಂಗಡಿಯವರು, ಆದೋನಿ

ಉತ್ತರ: ಹೂವಲ್ಲ, ಊರು. 1859ರ ಜೂನ್ 4ರಂದು ಇಟಲಿಯ ಮೆಜೆಂಟಾದಲ್ಲಿ ಫ್ರೆಂಚರು ಮತ್ತು ಸಾರ್ಡಿನಿಯಾದವರು ಆಸ್ಟ್ರಿಯಾದವರನ್ನು ಸೋಲಿಸಿದರು. ಅದೇ ವರ್ಷ ಹೊರಬಂದ ಹೊಸ ರಾಸಾಯನಿಕ ಬಣ್ಣಕ್ಕೆ ಆ ಗೆಲುವಿನ ಹೆಸರು ಅಂಟಿತು. ಬಣ್ಣವನ್ನು ಮಾಡಿದ್ದು ಅನಿಲೀನಿನಿಂದ. ಆ ಅನಿಲೀನ್ ಎಂಬ ಹೆಸರಿನೊಳಗೆ ನಮ್ಮ ‘ನೀಲ’ ಇದೆ, ಅರಬ್ಬಿಯ ‘ಅನ್‌ನೀಲ್’, ಪೋರ್ಚುಗೀಸರ ‘ಅನಿಲ್’ ಆಗಿ ಬಂದದ್ದು. ನಿಮ್ಮ ಪ್ರಿಂಟರಿನ ಮೆಜೆಂಟಾ ಶಾಯಿ ಆ ಹಳೆಯ ಬಣ್ಣವಲ್ಲ, ಹೆಸರು ಮಾತ್ರ ಉಳಿದಿದೆ. ಫೋಟೋ ಹಸಿರಾಗಿ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಇದೇ ಕಾರ್ಟ್ರಿಜನ್ನು: ಖಾಲಿಯಾಗಿರಬಹುದು, ಇಲ್ಲವೇ ತೂತು ಕಟ್ಟಿರಬಹುದು.